ತಿನ್ನುವ ಕಣ, ತಿನ್ನಿಸಿಕೊಳ್ಳದ ರೋಗಾಣು

ಊರಿನಿಂದ ಯಾರಾದರೂ ಟಾಟಾ ಆಸ್ಪತ್ರೆಗೆ ಬಂದರೆ ಜೊತೆಗೆ ಓಡಾಡುವುದು ಮುಂಬಯಿ ಕನ್ನಡಿಗರಾದ ನಮಗೆಲ್ಲ ರೂಢಿಯಾದ ಕೆಲಸ. ರಕ್ತಪರೀಕ್ಷೆಯ ರಿಪೋರ್ಟು ಕೈಗೆ ಬಂದಾಗ ಮೊದಲು ಹುಡುಕುವ ಸಾಲುಗಳಲ್ಲಿ ಒಂದು 'ಡಬ್ಲ್ಯೂಬಿಸಿ', ಅಂದರೆ ಬಿಳಿ ರಕ್ತಕಣ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000ದವರೆಗೆ ಇದ್ದರೆ ಸರಿ. ತೀರ ಕಡಿಮೆಯಾದರೆ "ಇನ್‌ಫೆಕ್ಷನ್ ಆಗದ ಹಾಗೆ ನೋಡಿಕೊಳ್ಳಿ" ಅನ್ನುತ್ತಾರೆ ಡಾಕ್ಟರು.

ಬಿಳಿ ಕಣಗಳು ರೋಗಾಣುಗಳ ಜೊತೆ ಹೋರಾಡುತ್ತವೆ ಅನ್ನುವುದು ಇವತ್ತು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ 1880ರ ಸುಮಾರಿಗೆ ದೊಡ್ಡ ದೊಡ್ಡ ವೈದ್ಯರು ನಂಬಿದ್ದು ಇದಕ್ಕೆ ತದ್ವಿರುದ್ಧ. ಬಿಳಿ ಕಣಗಳೇ ರೋಗಾಣುಗಳನ್ನು ಹೊತ್ತುಕೊಂಡು ಮೈತುಂಬ ಹರಡುತ್ತವೆ ಅಂತ! ಈ ನಂಬಿಕೆಯನ್ನು ಮುರಿದ ಕತೆಯ ಒಂದು ತುದಿ ಇಟಲಿಯಲ್ಲಿದೆ. ಇನ್ನೊಂದು ತುದಿ ಟಾಟಾ ಆಸ್ಪತ್ರೆಗೆ ಹತ್ತಿರವೇ, ಪರೇಲಿನ ಹಾಫ್ಕಿನ್ ಇನ್‌ಸ್ಟಿಟ್ಯೂಟಿನಲ್ಲಿದೆ.

1882. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಇಲ್ಯಾ ಮೆಚ್ನಿಕಾಫ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಸಿಸಿಲಿಯ ಮೆಸ್ಸಿನಾಕ್ಕೆ ಬಂದಿದ್ದ. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ ಒಬ್ಬನೇ ಕೂತು ನಕ್ಷತ್ರಮೀನಿನ ಮರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಮರಿಯ ಮೈ ಗಾಜಿನಷ್ಟು ಪಾರದರ್ಶಕ. ಒಳಗೆ ಕೆಲವು ಕಣಗಳು ತಮ್ಮಷ್ಟಕ್ಕೆ ತಾವೇ ತೆವಳುತ್ತಿದ್ದವು. ಹೊರಗಿನಿಂದ ಶತ್ರು ನುಗ್ಗಿದರೆ ಇವು ಅದರ ಮೇಲೆ ಬೀಳಬಹುದೇ? ತೋಟಕ್ಕೆ ಹೋಗಿ ಗುಲಾಬಿ ಮುಳ್ಳು ತಂದು ಮರಿಗಳಿಗೆ ಚುಚ್ಚಿಟ್ಟ. ಆ ರಾತ್ರಿ ಅವನಿಗೆ ನಿದ್ದೆಯಿಲ್ಲ. ಬೆಳಗ್ಗೆ ನೋಡಿದರೆ, ಮುಳ್ಳಿನ ಸುತ್ತ ಆ ಕಣಗಳು ಮುತ್ತಿಕೊಂಡಿವೆ! ಮುಳ್ಳು ಚುಚ್ಚಿಕೊಂಡ ನಮ್ಮ ಕಾಲಿನಲ್ಲಿ ಕೀವು ತುಂಬುವುದೂ ಇದೇ ಥರ. ಕೀವು ಅಂದರೆ ಹೆಚ್ಚುಪಾಲು ಕಾದಾಡಿ ಸತ್ತ ಬಿಳಿ ಕಣಗಳೇ.

1884ರಲ್ಲಿ ಅವನು ಇನ್ನೊಂದು ಯುದ್ಧವನ್ನು ವರ್ಣಿಸಿದ. ನೀರುಚಿಗಟ ಎನ್ನಬಹುದಾದ ಡಾಫ್ನಿಯಾ ಅನ್ನುವ ಪುಟ್ಟ ಜೀವಿಯ ಕರುಳನ್ನು ಒಂದು ಶಿಲೀಂಧ್ರದ ಸೂಜಿಯಂಥ ಬೀಜಾಣು ತೂತು ಮಾಡಿ ಒಳಗೆ ಬರುತ್ತದೆ. ಕಣಗಳು ಅದನ್ನು ನುಂಗಿ ಜೀರ್ಣಿಸಿಕೊಂಡರೆ ಡಾಫ್ನಿಯಾ ಬದುಕುತ್ತದೆ, ಆಗದಿದ್ದರೆ ಸಾಯುತ್ತದೆ. ಈ ಕಣಗಳಿಗೆ ಗ್ರೀಕ್ ಭಾಷೆಯಿಂದ 'ಫ್ಯಾಗೋಸೈಟ್' ಅಂತ ಹೆಸರಾಯಿತು. ತಿನ್ನುವ ಕಣ ಅಂತ ಅರ್ಥ.

ಜರ್ಮನಿಯವರು ಒಪ್ಪಲಿಲ್ಲ. 1890ರಲ್ಲಿ ಬೆಹ್ರಿಂಗ್ ಮತ್ತು ಕಿಟಸಾಟೊ, ಕಣಗಳಿಲ್ಲದ ಬರೀ ರಕ್ತದ ತಿಳಿಯೇ ಧನುರ್ವಾಯು ಮತ್ತು ಡಿಫ್ತೀರಿಯಾದ ವಿಷವನ್ನು ನಿಷ್ಫಲ ಮಾಡುತ್ತದೆ ಅಂತ ತೋರಿಸಿಬಿಟ್ಟರು. ರಕ್ಷಣೆ ಇರುವುದು ಕಣದಲ್ಲೋ, ತಿಳಿಯಲ್ಲೋ? ಅಷ್ಟು ಹೊತ್ತಿಗೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದ್ದ ಮೆಚ್ನಿಕಾಫ್ ವರ್ಷಗಟ್ಟಲೆ ಈ ಜಗಳ ಆಡಿದ.

ಒಡೆಸ್ಸಾದಲ್ಲಿ ಅವನ ಕೈಯಲ್ಲಿ ಕಲಿತ ಯಹೂದಿ ಹುಡುಗನೊಬ್ಬ ಪ್ಯಾರಿಸ್ಸಿಗೂ ಹಿಂದೆಯೇ ಬಂದ. ಮೊದಲು ಸಿಕ್ಕಿದ್ದು ಅಲ್ಲಿನ ಗ್ರಂಥಾಲಯದಲ್ಲಿ ಕೆಲಸ. ಅವನೇ ವಾಲ್ಡೆಮರ್ ಹಾಫ್ಕಿನ್. ಕಾಲರಾ ಲಸಿಕೆ ಕಂಡುಹಿಡಿದು 1893ರಲ್ಲಿ ಭಾರತಕ್ಕೆ ಬಂದ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಸರ್ಕಾರ ಅವನನ್ನು ಇಲ್ಲಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸ್ವಲ್ಪ ಜಾಗ, ಒಬ್ಬ ಗುಮಾಸ್ತ, ಮೂವರು ಜವಾನರು. ಅಷ್ಟೇ ಅವನ ಪ್ರಯೋಗಶಾಲೆ. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು, ಅದಕ್ಕೆ ಜೋತುಬಿದ್ದ ಹಾಗೆ ಪ್ಲೇಗ್ ಬ್ಯಾಕ್ಟೀರಿಯಾ ಬೆಳೆಸಿದ. ಆಮೇಲೆ ಕಾಯಿಸಿ ಕೊಂದು ಲಸಿಕೆ ಮಾಡಿದ. 1897ರ ಜನವರಿ 10ರಂದು ಮೊದಲ ಚುಚ್ಚುಮದ್ದು ತಗೊಂಡದ್ದು ತಾನೇ! ಮುಂದಿನ ವರ್ಷ ಹುಬ್ಬಳ್ಳಿಯಲ್ಲಿ ಈ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದರು. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಅದರ ನಂತರ. ಇಲಿ ಬಿತ್ತು ಅಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬದುಕುತ್ತಿದ್ದ ಕಾಲ ಅದು. ಲಸಿಕೆಯಿಂದ ಪೂರ್ತಿ ರಕ್ಷಣೆ ಸಿಗುತ್ತಿರಲಿಲ್ಲ, ಜ್ವರವೂ ಬರುತ್ತಿತ್ತು. ಆದರೂ ಹಾಕಿಸಿಕೊಂಡವರಲ್ಲಿ ಸಾವು ಕಡಿಮೆಯಾಯಿತು.

ಪ್ಲೇಗ್ ಅಷ್ಟು ಜನರನ್ನು ಹೇಗೆ ಕೊಂದಿತು? ನಮ್ಮ ಎಲುಬಿನ ಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳನ್ನು ತಯಾರಿಸುತ್ತದೆ. ಅವು ರೋಗಾಣುವನ್ನು ನುಂಗಿ, ಬ್ಲೀಚಿನಲ್ಲಿರುವಂಥದೇ ಆಮ್ಲ ಸುರಿದು ಸುಡುತ್ತವೆ. ಇಂಥ ದಂಡು ಯಾಕೆ ಸೋತಿತು?

ಉತ್ತರ ಸಿಕ್ಕಿದ್ದು ಇಪ್ಪತ್ತನೇ ಶತಮಾನದ ಕೊನೆಕೊನೆಗೆ. ಚಿಗಟದ ತಣ್ಣನೆಯ ಹೊಟ್ಟೆಯಲ್ಲಿರುವಾಗ ಪ್ಲೇಗ್ ಬ್ಯಾಕ್ಟೀರಿಯಾ ಬಹುಮಟ್ಟಿಗೆ ನಿರಾಯುಧ. ಚಿಗಟ ಕಚ್ಚಿ ಮನುಷ್ಯನ ಮೈಗೆ ಬಂತೋ, ನ್ಯೂಟ್ರೋಫಿಲ್‌ಗಳು ಬಹಳಷ್ಟನ್ನು ಕೊಲ್ಲುತ್ತವೆ. ಆದರೆ ಮ್ಯಾಕ್ರೋಫೇಜ್ ಅನ್ನುವ ಇನ್ನೊಂದು ಜಾತಿಯ ತಿನ್ನುವ ಕಣ ನುಂಗಿದವುಗಳಲ್ಲಿ ಕೆಲವು ಸಾಯುವುದಿಲ್ಲ. 37 ಡಿಗ್ರಿ ಬಿಸಿಯಲ್ಲಿ ಅವು ಆಯುಧ ಹೂಡುತ್ತವೆ. ಮೈಗೆ ಜಾರುವ ಕವಚ, ಮೇಲೆ ಸೂಜಿಯಂಥ ನಳಿಕೆ. ಹತ್ತಿರ ಬಂದ ಬಿಳಿ ಕಣಕ್ಕೆ ಆ ಸೂಜಿಯಿಂದ ಪ್ರೋಟೀನು ಚುಚ್ಚಿ, ಅದರ ನುಂಗುವ ಶಕ್ತಿಯನ್ನೇ ಕಸಿಯುತ್ತವೆ. ಹಾಫ್ಕಿನ್ ನಮಗೆ ಸೂಜಿ ಚುಚ್ಚಿದ, ಪ್ಲೇಗ್ ನಮ್ಮ ಕಣಗಳಿಗೆ ಸೂಜಿ ಚುಚ್ಚುತ್ತದೆ...

ರೋಗಾಣುಗಳು ಬಿಡಿಯಾಗಿಯೂ ದುಗ್ಧಗ್ರಂಥಿಗಳಿಗೆ ತಲುಪುತ್ತವೆ. ಆದರೆ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಬಿಳಿ ಕಣಗಳು ಪ್ಲೇಗಿನ ರೋಗಾಣುಗಳನ್ನು ಹೊತ್ತು ಸಾಗಿಸುವುದೂ ಕಂಡುಬಂದಿದೆ. ಪ್ಲೇಗ್ ಬಂದವರ ತೊಡೆಸಂದು, ಕಂಕುಳಲ್ಲಿ ಏಳುತ್ತಿದ್ದ ಗೆಡ್ಡೆ ಅಂದರೆ ಈ ಯುದ್ಧದಲ್ಲಿ ಬಾತುಕೊಂಡ ಗ್ರಂಥಿಯೇ. ಕ್ಷಯದ ಬ್ಯಾಕ್ಟೀರಿಯಾ ಕೂಡ ತನ್ನನ್ನು ನುಂಗಿದ ಕಣದೊಳಗೇ ಮನೆ ಮಾಡಿಕೊಳ್ಳುತ್ತದೆ. ಅಂದರೆ ಮೆಚ್ನಿಕಾಫ್ ಬೀಳಿಸಿದ ಹಳೆಯ ನಂಬಿಕೆಯಲ್ಲೂ ಒಂದು ಚೂರು ನಿಜ ಇತ್ತು!

ಹಾಗಾದರೆ ಲಸಿಕೆ ಮಾಡಿದ್ದೇನು? ಇದಕ್ಕೆ ಬೇಕಾದ ಸುಳಿವು ಸಿಕ್ಕಿದ್ದು 1903ರಲ್ಲಿ. ರಕ್ತದ ತಿಳಿಯಲ್ಲಿರುವ ಕೆಲವು ವಸ್ತುಗಳು ರೋಗಾಣುವಿಗೆ ಅಂಟಿಕೊಂಡರೆ ಬಿಳಿ ಕಣಗಳು ಅದನ್ನು ಸಲೀಸಾಗಿ ನುಂಗುತ್ತವೆ ಅಂತ ಲಂಡನ್ನಿನ ಆಲ್ಮ್‌ರಾತ್ ರೈಟ್ ಮತ್ತು ಡಗ್ಲಸ್ ತೋರಿಸಿದರು. ಅವಕ್ಕೆ ಇಟ್ಟ ಹೆಸರು 'ಆಪ್ಸೋನಿನ್'. ಅದರ ಮೂಲದ ಗ್ರೀಕ್ ಪದಕ್ಕೆ ರೊಟ್ಟಿಯ ಜೊತೆ ನೆಂಚಿಕೊಳ್ಳುವ ಪದಾರ್ಥ ಅಂತ ಅರ್ಥ. ನಮ್ಮ ಚಟ್ನಿ, ಉಪ್ಪಿನಕಾಯಿಯ ಹಾಗೆ ಅನ್ನಿ. ನೆಂಚಿಕೊಳ್ಳಲು ಏನಾದರೂ ಇದ್ದರೆ ಗಂಟಲಲ್ಲಿ ಇಳಿಯದ ರೊಟ್ಟಿಯೂ ಇಳಿಯುತ್ತದಲ್ಲ! ಲಸಿಕೆ ಮಾಡುವುದು, ರೋಗಾಣು ಬರುವ ಮೊದಲೇ ಮೈಯಲ್ಲಿ ಆ ಚಟ್ನಿ ಅರೆದಿಡುವ ಕೆಲಸ. ತಿಳಿಯಲ್ಲಿರುವ ಪ್ರತಿಕಾಯ ಕವಚಕ್ಕೆ ಅಂಟುತ್ತದೆ, ಕಣ ತಿನ್ನುತ್ತದೆ. ಗುರುವಿನ ಜಗಳದಲ್ಲಿ ಎರಡು ಪಕ್ಷವೂ ಸರಿಯಾಗಿತ್ತು. 1908ರ ನೊಬೆಲ್ ಬಹುಮಾನವನ್ನು ಮೆಚ್ನಿಕಾಫ್‌ಗೂ ತಿಳಿಯ ಪಕ್ಷದ ಪಾಲ್ ಏರ್ಲಿಕ್‌ಗೂ ಹಂಚಿಕೊಟ್ಟರು.

ಯುದ್ಧ ಮುಗಿದಿಲ್ಲ ಬಿಡಿ. ನ್ಯೂಟ್ರೋಫಿಲ್‌ಗಳು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಬೀಸಿ ರೋಗಾಣುಗಳನ್ನು ಹಿಡಿಯುತ್ತವೆ ಅಂತ 2004ರಲ್ಲಿ ಗೊತ್ತಾಯಿತು. ಎರಡೇ ವರ್ಷದಲ್ಲಿ ಇನ್ನೊಂದು ಸುದ್ದಿ: ಕೆಲವು ಬ್ಯಾಕ್ಟೀರಿಯಾಗಳ ಹತ್ತಿರ ಆ ಬಲೆಯನ್ನು ಕತ್ತರಿಸುವ ಕಿಣ್ವವೂ ಇದೆ! ಪ್ಲೇಗಿಗೆ ಇವತ್ತು ಆ್ಯಂಟಿಬಯೋಟಿಕ್ ಇದೆ, ಸಮಯಕ್ಕೆ ಕೊಟ್ಟರೆ ಜೀವ ಉಳಿಯುತ್ತದೆ.

ಹಾಫ್ಕಿನ್ನನ ಪ್ರಯೋಗಶಾಲೆ 1899ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂತು. 1925ರಲ್ಲಿ ಅದಕ್ಕೆ ಅವನ ಹೆಸರಿಟ್ಟರು. ಮುಂದಿನ ಸಲ ರಿಪೋರ್ಟಿಗೆ ಕಾಯುತ್ತಾ ಪರೇಲಿನಲ್ಲಿ ಹೊತ್ತು ಕಳೆಯಬೇಕಾಗಿ ಬಂದರೆ ಆ ಗೇಟಿನ ತನಕ ಹೋಗಿ ಬನ್ನಿ. ಕೈಯಲ್ಲಿರುವ ಚೀಟಿಯ 'ಡಬ್ಲ್ಯೂಬಿಸಿ' ಸಾಲಿಗೂ ಆ ಬಂಗಲೆಗೂ ಹಳೆಯ ನಂಟಿದೆ.