ಹೂರಾ: ಹಳ್ಳಿಯೊಂದು ಪೇಟೆಯಾದ ಲೆಕ್ಕ

ಬಹರೈನಿಗೆ ಬಂದ 2006ರಿಂದ ನಾನು ಹೂರಾದಲ್ಲೇ ಇದ್ದೇನೆ. ಕಂಪನಿ ಎರಡು ಸಲ ಬದಲಾಯಿತು, ಮನೆ ಬದಲಾಗಲಿಲ್ಲ. ಕಳೆದ ವರ್ಷ ನಮ್ಮ ಕಟ್ಟಡದ ವಾಚ್‌ಮನ್ ಒಂದು ಕಾಗದ ತಂದುಕೊಟ್ಟ. ಮಾಲೀಕರು ಹಳೆಯ ಕಟ್ಟಡ ಕೆಡವಿ ಹೊಸ ಟವರ್ ಕಟ್ಟಿಸುತ್ತಾರೆ, ಆರು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು ಎಂದಿತ್ತು. ಕರಾರಿನ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಇಷ್ಟು ವರ್ಷ ಇದ್ದ ಈ ಜಾಗ ಯಾವುದು, ಇದು ಹೀಗೆ ಆದದ್ದು ಹೇಗೆ ಎಂದು ಹುಡುಕಲು ತೊಡಗಿದ್ದು ಆಮೇಲೆ.

ಕೆಳಗಿನ ಕೋಲ್ಡ್ ಸ್ಟೋರಿಗೆ ದಿನವೂ ಬರುವ ಒಬ್ಬ ಹಿರಿಯ ಬಹರೈನಿ ಇದ್ದಾರೆ. ಕಾಗದದ ವಿಷಯ ಕೇಳಿ ನಕ್ಕರು. ರಸ್ತೆಯಾಚೆಯ ಹೋಟೆಲುಗಳ ಸಾಲಿನತ್ತ ಕೈ ತೋರಿಸಿ, "ನಾನು ಹುಡುಗನಾಗಿದ್ದಾಗ ಅಲ್ಲಿ ಸಮುದ್ರ ಇತ್ತು. ಸಮುದ್ರವನ್ನೇ ಖಾಲಿ ಮಾಡಿಸಿದ್ದಾರೆ, ನಿನ್ನದೇನು" ಅಂದರು.

ಹೂರಾ ಮೂಲತಃ ಕಡಲ ಬದಿಯ ಹಳ್ಳಿ. ಮನಾಮಾ ಪೇಟೆಯ ಪೂರ್ವಕ್ಕೆ ರಾಸ್ ರುಮ್ಮಾನ್, ಗುದೈಬಿಯಾಗಳ ನೆರೆಯಲ್ಲಿತ್ತು. ಆ ಕಾಲದ ಬಹರೈನಿನಲ್ಲಿ ಬಡವರ ಮನೆಯೆಂದರೆ ಖರ್ಜೂರದ ಗರಿಯಿಂದ ಹೆಣೆದ ಬರಸ್ತಿ. ಮುತ್ತಿನ ವ್ಯಾಪಾರ ದ್ವೀಪದ ಉಸಿರಾಗಿತ್ತು. 1930ರ ಹೊತ್ತಿಗೆ ಜಪಾನಿನ ಸಾಕಿದ ಮುತ್ತು ಆ ಉಸಿರು ಕಟ್ಟಿಸಿತು. 1932ರಲ್ಲಿ ಜೆಬೆಲ್ ದುಖಾನ್ ಬುಡದಲ್ಲಿ ತೈಲ ಚಿಮ್ಮಿತು.

ಲೆಕ್ಕಿಗನಾದ ನನಗೆ ಕುತೂಹಲ ಹುಟ್ಟಿಸಿದ್ದು ತೈಲಕ್ಕಿಂತ ಮೊದಲಿನ ಎರಡು ಸಂಗತಿಗಳು. 1919ರಲ್ಲಿ ಮನಾಮಾಕ್ಕೆ ಪುರಸಭೆ ಬಂತು. ಕೊಲ್ಲಿಯ ಈ ಭಾಗದಲ್ಲಿ ಅದು ಬಹಳ ಮೊದಲಿನದು. 1920ರ ದಶಕದಲ್ಲಿ ಬ್ರಿಟಿಷರ ಒತ್ತಾಸೆಯಿಂದ ಭೂಮಿಯ ಅಳತೆ, ನೋಂದಣಿ ಶುರುವಾದವು. ಅಲ್ಲಿಯವರೆಗೆ "ಇದು ನಮ್ಮದು" ಎನ್ನಲು ನೆರೆಯವರ ಬಾಯಿಮಾತು ಸಾಕಿತ್ತು. ಆಮೇಲೆ ಕಾಗದ ಬೇಕಾಯಿತು. ಆಗಿನ ಪುರಸಭೆಯ ಚುನಾವಣೆಯಲ್ಲಿ ಆಸ್ತಿ ಇದ್ದ ಹೆಂಗಸರೂ ಮತ ಹಾಕುತ್ತಿದ್ದರು. ಗಂಡಸು ಹೆಂಗಸು ಎನ್ನುವುದಕ್ಕಿಂತ ಆಸ್ತಿ ಇದೆಯೋ ಇಲ್ಲವೋ ಎನ್ನುವುದೇ ದೊಡ್ಡದಾಗಿತ್ತು. ಅಂದಹಾಗೆ, ಇಲ್ಲಿನ ಲೆಕ್ಕವೆಲ್ಲ ಆಗ ರೂಪಾಯಿಯಲ್ಲೇ. ದಿನಾರ್ ಬಂದದ್ದು 1965ರಲ್ಲಿ.

1971ರಲ್ಲಿ ದೇಶ ಸ್ವತಂತ್ರವಾಯಿತು. ಆ ದಶಕದ ತೈಲದ ಬೆಲೆಯೇರಿಕೆಯೊಂದಿಗೆ ಸಮುದ್ರಕ್ಕೆ ಮಣ್ಣು ತುಂಬುವ ಕೆಲಸ ಭರದಿಂದ ನಡೆಯಿತು. ಹೂರಾದ ಪಕ್ಕದಲ್ಲೇ ಡಿಪ್ಲೊಮ್ಯಾಟಿಕ್ ಏರಿಯಾ ಎದ್ದಿತು, ಅಲ್ ಫತೇಹ್ ಹೆದ್ದಾರಿ ಹಾದುಹೋಯಿತು. ಹೆದ್ದಾರಿಯ ಬದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 1988ರದ್ದು, ಹೂರಾದ ಬೈತ್ ಅಲ್ ಕುರ್‌ಆನ್ 1990ರದ್ದು. ಬಹರೈನಿನ ನೆಲ ಇವತ್ತು ಸುಮಾರು 780 ಚದರ ಕಿಲೋಮೀಟರ್. ಅದರಲ್ಲಿ ನೂರರ ಆಸುಪಾಸು ಕಳೆದ ಐದಾರು ದಶಕಗಳಲ್ಲಿ ಕಡಲಿನಿಂದ ಪಡೆದದ್ದು. 1986ರ ನವೆಂಬರಿನಲ್ಲಿ ಸೌದಿಗೆ ಕಿಂಗ್ ಫಹದ್ ಸೇತುವೆ ತೆರೆಯಿತು. ವಾರಾಂತ್ಯದ ಕಾರುಗಳು ಬಂದವು, ಎಕ್ಸಿಬಿಷನ್ ರಸ್ತೆಯ ಎರಡೂ ಬದಿ ಹೋಟೆಲು, ಫರ್ನಿಶ್ಡ್ ಅಪಾರ್ಟ್‌ಮೆಂಟು ತುಂಬಿದವು. ಹಳೆಯ ಕುಟುಂಬಗಳು ಹೊಸ ಬಡಾವಣೆಗಳಿಗೆ ಹೋದವು. ಅವರು ಬಿಟ್ಟ ಮನೆಗಳಿಗೆ ನಮ್ಮಂಥವರು ಬಂದೆವು.

ಮುಂದಿನ ಹೆಜ್ಜೆ ಕಾನೂನಿನದು. 2001ರ ಕಾಯ್ದೆ ವಿದೇಶಿಯರಿಗೆ ಆಸ್ತಿ ಕೊಳ್ಳಲು ದಾರಿ ಮಾಡಿತು. 2003ರ ಆದೇಶ ಅದಕ್ಕೆ ಪ್ರದೇಶಗಳನ್ನು ಗೊತ್ತುಮಾಡಿತು: ಜುಫೈರ್ ಕಡೆಯ ಅಹಮದ್ ಅಲ್ ಫತೇಹ್, ಬು ಗಝಲ್, ಸೀಫ್, ಉತ್ತರ ಮನಾಮಾ, ಜೊತೆಗೆ ಹೂರಾ. ನಕ್ಷೆಯಲ್ಲಿ ಪ್ರತಿ ತುಂಡು ಜಾಗಕ್ಕೂ ಒಂದು ವರ್ಗವಿದೆ. ಯಾವುದು ವಾಸದ ಮನೆಗೆ, ಯಾವುದು ಹೂಡಿಕೆಯ ಕಟ್ಟಡಕ್ಕೆ, ಎಷ್ಟು ಅಂತಸ್ತು ಎಂಬುದೆಲ್ಲ ಆ ವರ್ಗದಿಂದಲೇ ತೀರ್ಮಾನ. ವರ್ಗ ಬದಲಾದರೆ ಒಂದು ಇಟ್ಟಿಗೆಯನ್ನೂ ಇಡದೆ ಬೆಲೆ ಬದಲಾಗುತ್ತದೆ. ಲೆಕ್ಕಪತ್ರದ ಅಂತಾರಾಷ್ಟ್ರೀಯ ನಿಯಮವೂ ಹೂಡಿಕೆಯ ಆಸ್ತಿಯನ್ನು ಇಂದಿನ ಬೆಲೆಯಲ್ಲಿ ತೋರಿಸಿ, ಏರಿದ ಮೊತ್ತವನ್ನು ಲಾಭಕ್ಕೆ ಸೇರಿಸಲು ಬಿಡುತ್ತದೆ. ಅಂಥ ಎಷ್ಟೋ ಬ್ಯಾಲೆನ್ಸ್ ಶೀಟುಗಳನ್ನು ನಾನೇ ತಯಾರಿಸಿದ್ದೇನೆ. ಆ ಜಾಗದಲ್ಲಿ ಯಾರು ವಾಸವಿದ್ದಾರೆ ಎಂದು ಕೇಳುವ ಕಾಲಮ್ಮು ಅವುಗಳಲ್ಲಿ ಇರಲಿಲ್ಲ.

ನಮ್ಮ ಮನೆಯ ಕರೆಂಟು, ನೀರಿನ ಬಿಲ್ಲಿನಲ್ಲಿ ಪುರಸಭೆಯ ಶುಲ್ಕವೆಂದು ಬಾಡಿಗೆಯ ಶೇ. 10 ಸೇರಿರುತ್ತದೆ. ದೂರುತ್ತಿಲ್ಲ, ರಸ್ತೆ ಗುಡಿಸುತ್ತಾರೆ, ಕಸ ಒಯ್ಯುತ್ತಾರೆ. 2002ರಲ್ಲಿ ಪುರಸಭೆ ಚುನಾವಣೆ ಮತ್ತೆ ಶುರುವಾದಾಗ ಇಲ್ಲಿ ಆಸ್ತಿಯುಳ್ಳ ವಿದೇಶಿಯರಿಗೂ ಮತವಿತ್ತು, ಬಾಡಿಗೆಯವರಿಗೆ ಇರಲಿಲ್ಲ. ಮನಾಮಾದ ಚುನಾಯಿತ ಮಂಡಳಿಯ ಜಾಗಕ್ಕೆ 2014ರಲ್ಲಿ ನೇಮಕಗೊಂಡ ಮಂಡಳಿ ಬಂದ ಮೇಲೆ ಆ ಪ್ರಶ್ನೆಯೂ ಮುಗಿಯಿತು. 1919ರಿಂದ ನೋಡಿದರೆ ಒಂದು ಗೆರೆ ಮಾತ್ರ ಹೆಚ್ಚುಕಡಿಮೆ ನೇರವಾಗಿ ಬಂದಿದೆ: ಕಾಗದ ಇದ್ದವರನ್ನು ಕೇಳುತ್ತಾರೆ.

ಎಲ್ಲ ಕಡೆಯೂ ಹೀಗಲ್ಲ. ಇಂಗ್ಲೆಂಡಿನಲ್ಲಿ 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂದ ಮೇಲೆ ಸ್ವಂತ ಜಾಗದಲ್ಲೂ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಅಲ್ಲಿನ ಹಳ್ಳಿಯಲ್ಲಿ ಹೊಸ ಮನೆಗಳಿಗೆ ಅರ್ಜಿ ಬಿದ್ದರೆ ನೆರೆಯವರಿಗೆ ತಿಳಿಸುತ್ತಾರೆ, ಅಭಿಪ್ರಾಯಕ್ಕೆ ಸಾಮಾನ್ಯವಾಗಿ 21 ದಿನ ಕೊಡುತ್ತಾರೆ. ಬಾಡಿಗೆಯವನೂ ಬರೆಯಬಹುದು. ಒಪ್ಪುತ್ತಾರೆಂದಲ್ಲ, ಆದರೆ ಓದುತ್ತಾರೆ. ಅದೇ ಹೆಸರಿನ ಕಾಯ್ದೆ ನಮ್ಮ ಕರ್ನಾಟಕದಲ್ಲೂ ಇದೆ, 1961ರದ್ದು. ಮಹಾಯೋಜನೆಯ ಕರಡಿಗೆ ಆಕ್ಷೇಪಣೆ ಕರೆಯುವುದು ನಮ್ಮಲ್ಲೂ ಉಂಟು. ಆದರೆ ಒಂದು ಗದ್ದೆ ಸೈಟಾಗುವಾಗ ಪಕ್ಕದ ಗದ್ದೆಯವರಿಗೆ ಗೊತ್ತಾಗುವುದು ಜೆಸಿಬಿ ಬಂದ ದಿನ.

ಇದನ್ನೆಲ್ಲ ಓದುತ್ತಿದ್ದಾಗಲೇ ಊರಿನಿಂದ ಅಣ್ಣನ ಫೋನು ಬಂತು. ನಮ್ಮೂರು ಮೂಡುಬಿದಿರೆಯ ಕಡೆ. ಮನೆಯ ಕೆಳಗಿನ ಮಜಲು ಗದ್ದೆಯನ್ನು ಒಬ್ಬರು ಲೇಔಟಿಗೆ ಕೇಳಿದ್ದಾರೆ. "ಕನ್ವರ್ಷನ್, ನೈನ್-ಇಲೆವೆನ್ ಎಲ್ಲ ಅವರೇ ಮಾಡಿಸಿಕೊಳ್ಳುತ್ತಾರಂತೆ. ನೀನು ಎಂಬೆಸಿಯಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸು ಮಾರಾಯ" ಅಂದ.

ಆ ಗದ್ದೆ ನಮಗೆ ಬಂದದ್ದು 1974ರ ಭೂಸುಧಾರಣೆಯಲ್ಲಿ. ಅಜ್ಜ ಗೇಣಿ ಒಕ್ಕಲು. ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟರು. ಭೂನ್ಯಾಯ ಮಂಡಳಿ ಕೇಳಿದ್ದು ಪಟ್ಟಾ ಯಾರ ಹೆಸರಿನಲ್ಲಿದೆ ಎಂದಲ್ಲ, ಉಳುತ್ತಿರುವವರು ಯಾರು ಎಂದು. ಕಾಗದವೇ ಇಲ್ಲದವನನ್ನು ಕಾನೂನು ಒಮ್ಮೆ ಕೇಳಿದ್ದರಿಂದ ನಮ್ಮ ಮನೆ ಎದ್ದು ನಿಂತಿತು, ನಾನು ಬಿ.ಕಾಂ., ಸಿ.ಎ. ಮಾಡಿದೆ.

ಈಗ ಅದನ್ನು ಉಳುವವರು ನಾವಲ್ಲ. ಅಪ್ಪ ತೀರಿಕೊಂಡ ಮೇಲೆ ನೆರೆಮನೆಯ ಅಕ್ಕ ಏಣೆಲು, ಸುಗ್ಗಿ ಎರಡು ಬೆಳೆ ತೆಗೆಯುತ್ತಾರೆ, ನಮ್ಮಮ್ಮನಿಗೆ ವರ್ಷಕ್ಕೆ ಎರಡು ಮುಡಿ ಅಕ್ಕಿ ಕೊಡುತ್ತಾರೆ. ಕಾಗದ ಏನೂ ಇಲ್ಲ. ಹೂರಾದಲ್ಲಿ ನನಗೆ ಕಡೇಪಕ್ಷ ಒಂದು ಕರಾರುಪತ್ರವಿತ್ತು, ಆರು ತಿಂಗಳ ನೋಟಿಸಿತ್ತು. ಅವರಿಗೆ ಅದೂ ಇಲ್ಲ. ವಾಚ್‌ಮನ್ ಕೈಯಲ್ಲಿ ಕಾಗದ ಕಳಿಸಿದವರ ಸ್ಥಾನದಲ್ಲಿ ಈಗ ನಾನಿದ್ದೆ.

ಲೆಕ್ಕದ ಮಾತೂ ಇದೆ. 2020ರ ತಿದ್ದುಪಡಿಯ ಮೇಲೆ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆದರೆ ವಿದೇಶಿ ವಿನಿಮಯದ ನಿಯಮದಂತೆ ಅನಿವಾಸಿ ಭಾರತೀಯ ಪಿತ್ರಾರ್ಜಿತವಾಗಿ ಬಂದ ಗದ್ದೆಯನ್ನು ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವಂತಿಲ್ಲ. ದುಡ್ಡಿದ್ದರೆ ಹೂರಾದಲ್ಲಿ ಫ್ಲ್ಯಾಟು ಕೊಳ್ಳಬಲ್ಲೆ. ಒಮ್ಮೆ ಮಾರಿದರೆ ನನ್ನೂರಲ್ಲಿ ಒಂದು ಗದ್ದೆಯನ್ನು ಕೊಳ್ಳಲಾರೆ.

ಮಾರಲೇಬಾರದು ಎಂದು ಇಲ್ಲಿ ಕೂತು ಉಪದೇಶ ಮಾಡುವ ಹಕ್ಕು ನನಗಿಲ್ಲ. ಅಣ್ಣನಿಗೆ ಮಗಳ ಕಾಲೇಜಿನ ಖರ್ಚಿದೆ, ಅಮ್ಮನ ಔಷಧಿಯಿದೆ. ಆದರೂ ಎಂಬೆಸಿಗೆ ಹೋಗುವ ಮೊದಲು ಆ ಅಕ್ಕನಿಗೆ ಫೋನು ಮಾಡಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನನ್ನನ್ನು ಎಂಥ ಕೇಳುವುದು? ಜಾಗ ನಿಮ್ಮದಲ್ಲವಾ?" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಯಾರಾದರೂ ಕೇಳಬಹುದೆಂದು ಅವರಿಗೆ ಅನಿಸಿಯೇ ಇರಲಿಲ್ಲ.

ಏಣೆಲು ಕೊಯ್ಲು ಆಗಲಿ, ನಾನು ರಜೆ ಹಾಕಿ ಬರುತ್ತೇನೆ, ಅಕ್ಕನನ್ನೂ ಕೂರಿಸಿಕೊಂಡು ಮಾತಾಡೋಣ ಎಂದು ಅಣ್ಣನಿಗೆ ಹೇಳಿದ್ದೇನೆ. ಮಾರುವುದಾದರೆ ಅವರ ಪಾಲು ಏನು ಎಂಬುದೂ ಆ ದಿನ ತೀರ್ಮಾನವಾಗಬೇಕು. ಅಣ್ಣನಿಗೆ ಪೂರ್ತಿ ಸಮಾಧಾನವಾಗಿಲ್ಲ. ನಾವು ಹೂರಾದಲ್ಲೇ ಎರಡು ಗಲ್ಲಿ ಆಚೆ ಬೇರೆ ಮನೆ ಹಿಡಿದಿದ್ದೇವೆ. ಹಳೆಯ ಕಟ್ಟಡದ ಜಾಗಕ್ಕೆ ಬೇಲಿ ಬಿದ್ದಿದೆ. ಪವರ್ ಆಫ್ ಅಟಾರ್ನಿಯ ಕರಡು ಹೊಸ ಮನೆಯ ಮೇಜಿನ ಖಾನೆಯಲ್ಲಿದೆ, ಸಹಿ ಇನ್ನೂ ಹಾಕಿಲ್ಲ.