ಎಷ್ಟು ಬೇಕು, ಎಷ್ಟು ಸಾಕು? ಎಪಾಕ್ಸಿ ಲೆಕ್ಕದ ಚರಿತ್ರೆ

ಭಾಗ 1/6: ಹೊಗೆ ಬಂದ ಮಗ್

ಫೋಟೋದಲ್ಲಿ ಸೊಟ್ಟಗೆ ಕಾಣ್ತಿದೆಯಲ್ಲ, ಅದು ಸ್ನಾನದ ಮಗ್. ಒಳಗೆ ಕಲ್ಲಿನ ಥರ ಗಟ್ಟಿಯಾಗಿರೋದು 900 ಗ್ರಾಂ ಎಪಾಕ್ಸಿ. ಅದರ ಬಿಲ್ ಪಾಸ್ ಮಾಡಿದವರು ಯಾರು ಅಂದ್ರೆ, ನಾನೇ.

ಎಂಜಿನಿಯರಿಂಗ್ ಓದೋ ನಮ್ಮ ಗೆಳೆಯರು ಗೋ-ಕಾರ್ಟ್ ಮಾಡ್ತಿದ್ರು. ಬಿಕಾಂ ಅಂತ ನನ್ನನ್ನ ಖಜಾಂಚಿ ಮಾಡಿದ್ರು. ಕಾರ್ಬನ್ ಫೈಬರ್ ಸೀಟಿಗೆ ಹನ್ನೆರಡು ಜನ ದುಡ್ಡು ಹಾಕಿದ್ರು, ಅದರಲ್ಲಿ ಒಬ್ಬ ಮೆಸ್ ಫೀಸನ್ನೇ ಕೊಟ್ಟಿದ್ದ. ಅಂಗಡೀಲಿ ಎರಡು ಥರ ಹಾರ್ಡನರ್ ಇತ್ತು: ಬೇಗ ಗಟ್ಟಿಯಾಗೋದು, ನಿಧಾನಕ್ಕೆ ಗಟ್ಟಿಯಾಗೋದು. ಬೇಗದ್ದು ಅಗ್ಗ. "ಅದೇ ಕೊಡಿ" ಅಂದೆ. ಏಪ್ರಿಲ್ ತಿಂಗಳು, ದಾವಣಗೆರೆ ಬಿಸಿಲು, ತಗಡಿನ ಶೆಡ್. ಎಲ್ಲಾನೂ ಒಂದೇ ಮಗ್ಗಲ್ಲಿ ಕಲಸಿದ್ವಿ. ಮೊದಲನೇ ಪದರಕ್ಕೆ ಬ್ರಷ್ ಹಚ್ಚೋ ಹೊತ್ತಿಗೆ ಮಗ್ ಮುಟ್ಟೋಕಾಗದಷ್ಟು ಬಿಸಿ. ಆಮೇಲೆ ಹೊಗೆ.

ಆ ರಾತ್ರಿ ಕೂತು ಈ ವಸ್ತುವಿನ ಚರಿತ್ರೆ ಓದೋಕೆ ಶುರು ಮಾಡಿದೆ. ನಾವು ಮಾಡಿದ ತಪ್ಪು ಎಷ್ಟು ಹಳೇದು ಅಂತ ಗೊತ್ತಾಯ್ತು.

ಭಾಗ 2/6: ಹಲ್ಲಿನ ಸೆಟ್‌ನಿಂದ ಶುರು

ಎಪಾಕ್ಸಿ ಹುಟ್ಟಿದ್ದು ವಿಮಾನಕ್ಕಲ್ಲ, ಕಾರಿಗೂ ಅಲ್ಲ. 1930ರ ದಶಕದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕ್ಯಾಸ್ಟಾನ್ ಅನ್ನೋ ರಸಾಯನ ತಜ್ಞ ಕಟ್ಟಿಸಿಕೊಳ್ಳೋ ಹಲ್ಲಿನ ಸೆಟ್‌ಗೆ ಒಳ್ಳೆ ವಸ್ತು ಹುಡುಕ್ತಿದ್ದ. ಅಚ್ಚಿಗೆ ಹಾಕಿದ್ದು ಗಟ್ಟಿಯಾಗುವಾಗ ಕುಗ್ಗಿದ್ರೆ ಬಾಯಿಗೆ ಕೂರಲ್ಲ. ಎಪಾಕ್ಸಿಯ ದೊಡ್ಡ ಗುಣ ಇದೇ: ಗಟ್ಟಿಯಾಗುವಾಗ ಬಹಳ ಕಡಿಮೆ ಕುಗ್ಗುತ್ತೆ. ಅದೇ ಕಾಲಕ್ಕೆ ಅಮೆರಿಕದಲ್ಲಿ ಸಿಲ್ವನ್ ಗ್ರೀನ್‌ಲೀ ಬಣ್ಣ, ಲೇಪನಗಳ ಕೆಲಸಕ್ಕೆ ಇದೇ ದಾರೀಲಿ ಹೋಗಿದ್ದ.

ಕ್ಯಾಸ್ಟಾನ್‌ನ ಪೇಟೆಂಟ್ ಬಾಸೆಲ್ ನಗರದ ಸಿಬಾ ಕಂಪನಿಗೆ ಹೋಯ್ತು. ಯುದ್ಧ ಮುಗಿದ ಮೇಲೆ, 1940ರ ದಶಕದಲ್ಲೇ, ಅದು ಒಂದು ಅಂಟಾಗಿ ಮಾರುಕಟ್ಟೆಗೆ ಬಂತು. ಹೆಸರು ಅರಾಲ್ಡೈಟ್. ಹೌದು, ಮಿಕ್ಸಿ ಜಾರಿನ ಹಿಡಿ ಮುರಿದಾಗ ಅಮ್ಮ ಡ್ರಾಯರ್‌ನಿಂದ ತೆಗೆಯೋ ಅದೇ ಎರಡು ಟ್ಯೂಬು! (ಕಾಮರ್ಸ್‌ನವರಿಗೆ ಒಂದು ಮಾತು: ಭಾರತದಲ್ಲಿ ಅರಾಲ್ಡೈಟ್ ವ್ಯವಹಾರವನ್ನ 2020ರಲ್ಲಿ ಕೊಂಡಿದ್ದು ಫೆವಿಕಾಲ್‌ನ ಪಿಡಿಲೈಟ್.)

ಎರಡು ಟ್ಯೂಬ್ ಯಾಕೆ? ಒಂದು ರೆಸಿನ್, ಇನ್ನೊಂದು ಹಾರ್ಡನರ್. ಇದು ನಮ್ಮ ಡಬಲ್ ಎಂಟ್ರಿ ಥರಾನೇ. ಡೆಬಿಟ್ಟಿಗೆ ಕ್ರೆಡಿಟ್ ಇರೋ ಹಾಗೆ, ರೆಸಿನ್‌ನ ಕಣಕ್ಕೆ ಹಾರ್ಡನರ್‌ನ ಜೋಡಿ ಬೇಕು. "ಬೇಗ ಒಣಗ್ಲಿ" ಅಂತ ಹಾರ್ಡನರ್ ಜಾಸ್ತಿ ಹಾಕಿದ್ರೆ ಜೋಡಿ ಸಿಗದ್ದು ಹಾಗೇ ಉಳಿದು ಸೀಟು ಮೆತ್ತಗಾಗುತ್ತೆ. ಬೇಗ ಬೇಕಾದ್ರೆ ಹಾರ್ಡನರ್ ಬದಲಿಸಬೇಕು, ಪ್ರಮಾಣ ಅಲ್ಲ. ಡಬ್ಬಿ ಮೇಲೆ ತೂಕದಲ್ಲಿ 100ಕ್ಕೆ 30 ಅಂತಿದ್ರೆ ತಕ್ಕಡೀಲೇ ತೂಗಬೇಕು. ಲೋಟದ ಅಳತೆ ನಡೆಯಲ್ಲ.

ಭಾಗ 3/6: ಕಪ್ಪು ದಾರ ಬಂತು

1963ರ ಹೊತ್ತಿಗೆ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ, ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರದಲ್ಲಿ, ವಿಲಿಯಂ ವಾಟ್ ಮತ್ತು ಅವನ ಜೊತೆಗಾರರು ಅಕ್ರಿಲಿಕ್ ದಾರವನ್ನ ಹಿಡಿತದಲ್ಲಿ ಸುಟ್ಟು ಬಹಳ ಗಟ್ಟಿಯಾದ ಕಾರ್ಬನ್ ಎಳೆ ತೆಗೆದ್ರು. ಜಪಾನಿನಲ್ಲಿ ಅಕಿಯೋ ಶಿಂಡೋ ಅದಕ್ಕೂ ಮುಂಚೆ ಇದೇ ಥರದ ದಾರದಿಂದ ಎಳೆ ಮಾಡಿದ್ದ.

ಆದ್ರೆ ಬರೀ ಎಳೆ ಅಂದ್ರೆ ಬಟ್ಟೆ ಅಷ್ಟೇ. ಎಳೆದ್ರೆ ತಡೆಯುತ್ತೆ, ಒತ್ತಿದ್ರೆ ಮಡಚಿಕೊಳ್ಳುತ್ತೆ. ಎಳೆಗಳನ್ನ ಜಾಗದಲ್ಲಿ ಹಿಡಿದು, ಒಂದರ ಭಾರ ಇನ್ನೊಂದಕ್ಕೆ ದಾಟಿಸೋದು ರೆಸಿನ್. ಹೆಸರು ಕಾರ್ಬನ್‌ಗೆ, ದುಡಿಮೆ ಇಬ್ಬರದ್ದೂ. ಹಾಗಂತ ರೆಸಿನ್ ಜಾಸ್ತಿ ಆದ್ರೆ ತೂಕ ಏರುತ್ತೆ, ಬಲ ಏರಲ್ಲ. ಕಡಿಮೆ ಆದ್ರೆ ಒಣ ಜಾಗ ಉಳಿದು ಅಲ್ಲೇ ಬಿರುಕು. ಅಂದಿನಿಂದ ಇದರ ಚರಿತ್ರೆ ಎಲ್ಲಾ ಒಂದೇ ಪ್ರಶ್ನೆ ಸುತ್ತ: ಎಷ್ಟು ಸಾಕು?

ಭಾಗ 4/6: ಲೆಕ್ಕ ತಪ್ಪಿದ ದೊಡ್ಡವರು

1968ರಲ್ಲಿ ರೋಲ್ಸ್-ರಾಯ್ಸ್ ಅಮೆರಿಕದ ಲಾಕ್‌ಹೀಡ್ ಕಂಪನಿಗೆ ಆರ್‌ಬಿ211 ಎಂಜಿನ್ ಕೊಡೋಕೆ ಒಪ್ಪಿತು. ಮುಂಭಾಗದ ಫ್ಯಾನ್ ರೆಕ್ಕೆಗಳನ್ನ ಹೈಫಿಲ್ ಅನ್ನೋ ಕಾರ್ಬನ್ ಫೈಬರ್‌ನಲ್ಲಿ ಮಾಡೋ ಯೋಜನೆ. ಹಗುರ, ಗಟ್ಟಿ, ಎಲ್ಲಾ ಸರಿ. 1970ರಲ್ಲಿ ಹಕ್ಕಿ ಬಡಿತದ ಪರೀಕ್ಷೆ ನಡೀತು: ತಿರುಗೋ ಫ್ಯಾನಿಗೆ ಕೋಳಿಯನ್ನ ವೇಗವಾಗಿ ಹಾರಿಸೋದು. ರೆಕ್ಕೆಗಳು ಚೂರುಚೂರಾದವು. ಎಳೆಯ ಉದ್ದಕ್ಕೆ ಎಳೆದ್ರೆ ಬಗ್ಗದ ವಸ್ತು, ಅಡ್ಡ ಪೆಟ್ಟಿಗೆ ಸೋತಿತ್ತು. ಕಂಪನಿ ಟೈಟಾನಿಯಂಗೆ ತಿರುಗಬೇಕಾಯ್ತು.

ಈಗ ನಮ್ಮ ಸಬ್ಜೆಕ್ಟ್. ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಎಂಜಿನ್ ಅಭಿವೃದ್ಧಿಯ ಖರ್ಚು ಸುಮಾರು 17 ಕೋಟಿ ಪೌಂಡಿಗೆ ಏರಿತ್ತು. ಒಂದು ಎಂಜಿನ್ ತಯಾರಿಸೋ ಖರ್ಚು, ಒಪ್ಪಂದದ ಮಾರಾಟ ಬೆಲೆಗಿಂತ ಹೆಚ್ಚಾಗಿತ್ತು. ಅಂದ್ರೆ ಮಾರಿದಷ್ಟೂ ನಷ್ಟ! 1971ರ ಫೆಬ್ರುವರಿ 4ರಂದು ರೋಲ್ಸ್-ರಾಯ್ಸ್ ದಿವಾಳಿ ಅಂತ ಘೋಷಣೆ ಆಯ್ತು, ಸರ್ಕಾರವೇ ಕಂಪನಿಯನ್ನ ಕೈಗೆತ್ತಿಕೊಳ್ತು. ಫ್ಯಾನ್ ರೆಕ್ಕೆ ಒಂದೇ ಕಾರಣ ಅಲ್ಲ. ಆದ್ರೆ ಕೈಗೆ ಪೂರ್ತಿ ಬಗ್ಗದ ವಸ್ತುವನ್ನ ನಂಬಿ ಬೆಲೆ ಕಟ್ಟಿದ್ದು ದುಬಾರಿ ಆಯ್ತು. ನನ್ನ ಮಗ್ ಅದರ ಮುಂದೆ ಚಿಕ್ಕದು. ಬುದ್ಧಿ ಮಾತ್ರ ಒಂದೇ.

ಭಾಗ 5/6: ಫ್ರೀಜರ್‌ನಲ್ಲಿಟ್ಟ ಬಟ್ಟೆ

ಕೈಯಲ್ಲಿ ಬ್ರಷ್ ಹಿಡಿದಷ್ಟು ಕಾಲ ಅಳತೆ ಒಬ್ಬೊಬ್ಬರಿಗೆ ಒಂದೊಂದು. ಅದಕ್ಕೆ ಬಂದ ಉತ್ತರ ಪ್ರಿಪ್ರೆಗ್: ಕಾರ್ಖಾನೆಯಲ್ಲೇ ಅಳೆದು ರೆಸಿನ್ ಕುಡಿಸಿದ ಬಟ್ಟೆ. ಅದು ತನ್ನಷ್ಟಕ್ಕೆ ಗಟ್ಟಿಯಾಗದ ಹಾಗೆ ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಕತ್ತರಿಸಿ, ಅಚ್ಚಿಗೆ ಹಾಕಿ, ಆಟೋಕ್ಲೇವ್‌ನಲ್ಲಿ ಬಿಸಿ ಮತ್ತು ಒತ್ತಡ ಕೊಟ್ಟು ಬೇಯಿಸ್ತಾರೆ. ಆಟೋಕ್ಲೇವ್ ಅಂದ್ರೆ ಒಂದು ದೊಡ್ಡ ಕುಕ್ಕರ್ ಅಂದ್ಕೊಳ್ಳಿ.

1981ರಲ್ಲಿ ಜಾನ್ ಬಾರ್ನಾರ್ಡ್ ವಿನ್ಯಾಸದ ಮೆಕ್‌ಲಾರೆನ್ ಎಂಪಿ4/1 ಬಂತು. ಫಾರ್ಮುಲಾ ಒನ್‌ನಲ್ಲಿ ಪೂರ್ತಿ ಕಾರ್ಬನ್ ಫೈಬರ್ ಒಡಲಿನ ಮೊದಲ ಕಾರು. ಆ ಒಡಲು ಮಾಡಿಕೊಟ್ಟದ್ದು ಅಮೆರಿಕದ ಯೂಟಾದ ಹರ್ಕ್ಯುಲಿಸ್ ಕಂಪನಿ. ಜುಲೈನಲ್ಲಿ ಜಾನ್ ವಾಟ್ಸನ್ ಅದರಲ್ಲೇ ಬ್ರಿಟಿಷ್ ಗ್ರಾಂಪ್ರಿ ಗೆದ್ದ. ಸೆಪ್ಟೆಂಬರ್‌ನಲ್ಲಿ ಮೋಂಜಾದಲ್ಲಿ ಭಯಂಕರ ಅಪಘಾತ ಆಯ್ತು, ಕಾರು ಎರಡು ತುಂಡಾಯ್ತು. ವಾಟ್ಸನ್ ಎದ್ದು ನಡೆದು ಬಂದ. ಹತ್ತು ವರ್ಷ ಹಿಂದೆ ಕೋಳಿಗೆ ಸೋತ ವಸ್ತು, ಈಗ ಮನುಷ್ಯನ ಜೀವ ಉಳಿಸಿತ್ತು.

ನಮ್ಮ ಬೆಂಗಳೂರಿಗೂ ಈ ಕಥೇಲಿ ಜಾಗ ಇದೆ. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ಯುದ್ಧ ವಿಮಾನದ ಒಡಲಿನ ತೂಕದಲ್ಲಿ ಸುಮಾರು 45% ಇಂಥ ಕಾಂಪೋಸಿಟ್. ಅದರ ಕೆಲಸದಲ್ಲಿ ಬೆಂಗಳೂರಿನ ಎನ್‌ಎಎಲ್ ದೊಡ್ಡ ಪಾಲುದಾರ.

ಭಾಗ 6/6: ನಮ್ಮ ಸೀಟಿನ ಲೆಕ್ಕ (ಸೇವ್ ಮಾಡ್ಕೊಳ್ಳಿ)

ರೆಸಿನ್ ಲೆಕ್ಕ ಶುರು ಆಗೋದು ಬಟ್ಟೆಯ ತೂಕದಿಂದ. ನಮ್ಮ ಸೀಟು 1 ಚದರ ಮೀಟರ್, 200 ಜಿಎಸ್‌ಎಂ ಬಟ್ಟೆ, 4 ಪದರ. ಒಟ್ಟು 800 ಗ್ರಾಂ.

ಬ್ರಷ್ಷಿನಲ್ಲಿ ಹಚ್ಚಿದ್ರೆ ಬಟ್ಟೆಯಷ್ಟೇ ತೂಕ ರೆಸಿನ್, ಅಂದ್ರೆ 800 ಗ್ರಾಂ (ಹಾರ್ಡನರ್ ಸೇರಿ). ಮಗ್ಗು, ಬ್ರಷ್ಷಿಗೆ ಅಂಟೋದಕ್ಕೆ ಇನ್ನು 15% ಸೇರಿಸಿ, 920.
ವ್ಯಾಕ್ಯೂಮ್‌ನಲ್ಲಿ ಚೆನ್ನಾಗಿ ಮಾಡಿದ್ರೆ ಸೀಟಿನೊಳಗೆ ಉಳಿಯೋದು ಸುಮಾರು 420 ಗ್ರಾಂ. ಪೈಪು, ಜಾಲರಿ ಕುಡಿಯೋದು ಬೇರೆ.
ಒಳ್ಳೆ ಪ್ರಿಪ್ರೆಗ್‌ನಲ್ಲಿ ಸುಮಾರು 340.

ಈ ಮೂರು ಸಾಲಲ್ಲೇ ಮೇಲಿನ ಚರಿತ್ರೆ ಎಲ್ಲಾ ಇದೆ ನೋಡಿ.

ಲೆಕ್ಕದ ಪ್ರಮಾಣ ನಾನು ತಪ್ಪಿರಲಿಲ್ಲ. ಆಯ್ಕೆ ತಪ್ಪಿದ್ದೆ. ಡಬ್ಬಿ ಮೇಲೆ ಬರೆದ ಕೆಲಸದ ಸಮಯ ಸಾಮಾನ್ಯವಾಗಿ 25 ಡಿಗ್ರಿಯಲ್ಲಿ, 100 ಗ್ರಾಂಗೆ ಹೇಳಿದ್ದು. ಬಿಸಿಲಲ್ಲಿ ಅದು ಅರ್ಧಕ್ಕೂ ಕಮ್ಮಿ. ಮೇಲಿಂದ ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತೆ. ಮಗ್ಗಲ್ಲಿ ಗುಡ್ಡೆಯಾಗಿದ್ರೆ ಆ ಬಿಸಿ ಹೊರಗೆ ಹೋಗಲ್ಲ.

ಎರಡನೇ ಸಲ ನಿಧಾನದ ಹಾರ್ಡನರ್ ತಂದೆ, ದುಡ್ಡು ನನ್ನದೇ. ಬೆಳಿಗ್ಗೆ ಆರಕ್ಕೆ ಶುರು, ಅಗಲ ತಟ್ಟೆ, 230 ಗ್ರಾಂನಂತೆ ನಾಲ್ಕು ಸಲ, ಎಲ್ಲರ ಕೈಗೂ ಗ್ಲೌಸ್ (ಬರಿಗೈಲಿ ಮುಟ್ಟಬೇಡಿ, ಚರ್ಮಕ್ಕೆ ಅಲರ್ಜಿ ಹತ್ತಿದ್ರೆ ಬಿಡಲ್ಲ). ಸೀಟು 1 ಕೆಜಿ 540 ಗ್ರಾಂ ಬಂತು. ಮೆಸ್ ಫೀಸ್ ಕೊಟ್ಟವನೇ ಮೊದಲು ಕೂತ.

ಲೆಡ್ಜರ್‌ನಲ್ಲಿ ಮೊದಲ 900 ಗ್ರಾಂನ "ಸಾಮಗ್ರಿ" ಅಂತ ಸೇರಿಸಿ ಮುಚ್ಚಬಹುದಿತ್ತು. ಹಾಗೆ ಮಾಡಲಿಲ್ಲ. "ನಷ್ಟ, ಖಜಾಂಚಿಯ ತಪ್ಪು ಆಯ್ಕೆ" ಅಂತಲೇ ಬರೆದಿದ್ದೀನಿ. ಮುಂದಿನ ವರ್ಷದ ಖಜಾಂಚಿ ಅಗ್ಗದ ಡಬ್ಬಿಗೆ ಕೈ ಹಾಕೋ ಮುಂಚೆ ಆ ಪುಟ ನೋಡ್ಲಿ ಅಂತ.

ನಿಮ್ಮ ಟೀಮಲ್ಲೂ ಇಂಥ ಮಗ್ ಇದ್ರೆ ಕಾಮೆಂಟಲ್ಲಿ ಫೋಟೋ ಹಾಕಿ.