ಶೇ. 96.6ರ ಒಳಗೆ ಏನಿತ್ತು? ಸಂಕೇತ ವರ್ಗೀಕರಣದ ಅಳತೆಯ ಕಥೆ

ಸಂಕೇತ ವರ್ಗೀಕರಣ ಅಂದ ಕೂಡಲೇ ನಮಗೆ ಕಂಪ್ಯೂಟರ್ ನೆನಪಾಗುತ್ತದೆ. ಅದರ ಗುಣಮಟ್ಟ ಅಳೆಯುವುದು ಹೇಗೆಂಬ ಜಗಳ ಮಾತ್ರ ಬಹಳ ಹಳೆಯದು. ಅದು ಎದ್ದದ್ದು ಸುಂಟರಗಾಳಿಯಿಂದ.

1884ರಲ್ಲಿ ಅಮೆರಿಕದ ಸೇನೆಯ ಸಿಗ್ನಲ್ ಕೋರ್‌ನ ಜಾನ್ ಪಾರ್ಕ್ ಫಿನ್ಲಿ 2803 ಮುನ್ಸೂಚನೆ ಕೊಟ್ಟ. ಸುಂಟರಗಾಳಿ ಬರುತ್ತದೆ ಎಂದದ್ದು 100 ಸಲ, ಬಂದದ್ದು 28. ಬರುವುದಿಲ್ಲ ಎಂದದ್ದು 2703 ಸಲ, ಅದರಲ್ಲೂ 23 ಸಲ ಬಂದೇಬಿಟ್ಟಿತು. ಕೂಡಿಸಿದರೆ ಶೇ. 96.6 ಸರಿ. ಆಹಾ ಅನ್ನಿಸುತ್ತದೆ, ಅಲ್ಲವಾ? ಅದೇ ವರ್ಷ ಭೂವಿಜ್ಞಾನಿ ಜಿ. ಕೆ. ಗಿಲ್ಬರ್ಟ್ ಗಾಳಿ ತೆಗೆದ: ಪ್ರತಿ ಸಲವೂ 'ಬರುವುದಿಲ್ಲ' ಅಂತ ಹೇಳಿ ಸುಮ್ಮನೆ ಕೂತಿದ್ದರೂ ಶೇ. 98.2 ಸರಿಯಾಗುತ್ತಿತ್ತು! ಬರಲಿಲ್ಲವೆಂದು ಸರಿಯಾಗಿ ಹೇಳಿದ 2680ನ್ನು ಆತ ಲೆಕ್ಕದಿಂದಲೇ ಬಿಟ್ಟ; ಉಳಿದ 123ರಲ್ಲಿ 28, ಅಂದರೆ ಶೇ. 22.8. ಚಾರ್ಲ್ಸ್ ಪರ್ಸ್ ಬೇರೆ ದಾರಿ ಹಿಡಿದ. ಬಂದ 51ರಲ್ಲಿ ಹಿಡಿದದ್ದು ಶೇ. 54.9, ಬಾರದ 2752ರಲ್ಲಿ ಸುಳ್ಳು ಎಚ್ಚರಿಕೆ ಶೇ. 2.6, ಕಳೆದರೆ 52.3. ಪಟ್ಟಿ ಒಂದೇ, ಅಂಕ ಮೂರು.

ರೇಡಾರ್ ಕಾಲದಲ್ಲಿ ಪ್ರಶ್ನೆ ಇನ್ನೊಂದು ರೂಪ ತಾಳಿತು. ಗದ್ದಲದ ನಡುವೆ ಸಂಕೇತವಿದೆ ಎನ್ನಲು ಗೆರೆಯನ್ನು ಎಲ್ಲಿ ಎಳೆಯಬೇಕು? ಗೆರೆ ಇಳಿಸಿದರೆ ವಿಮಾನ ತಪ್ಪಿಸಿಕೊಳ್ಳುವುದು ಕಡಿಮೆ, ಸುಳ್ಳು ಎಚ್ಚರಿಕೆ ಜಾಸ್ತಿ. 1954ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪೀಟರ್ಸನ್, ಬರ್ಡ್ಸಾಲ್, ಫಾಕ್ಸ್ ಪ್ರಕಟಿಸಿದ ಸಿದ್ಧಾಂತದಲ್ಲಿ ಎಲ್ಲ ಗೆರೆಗಳನ್ನೂ ಒಟ್ಟಿಗೆ ತೋರಿಸುವ ಆರ್‌ಒಸಿ ರೇಖೆ ಇದೆ. ಅದು ಮುಂದೆ ವೈದ್ಯಕೀಯಕ್ಕೂ ಹೋಯಿತು.

ವರ್ಗೀಕರಣದ ಗಣಿತಕ್ಕೆ ನಮ್ಮ ಸೀಮೆಯ ನಂಟೂ ಉಂಟು. ದೇಹದ ಅಳತೆಗಳಿಂದ ವ್ಯಕ್ತಿ ಯಾವ ಗುಂಪಿನವನೆಂದು ಹೇಳುವ ಬಗ್ಗೆ 1948ರಲ್ಲಿ ಬರೆದ ಸಿ. ಆರ್. ರಾವ್ ತೆಲುಗು ಮನೆತನದವರು, ಹುಟ್ಟಿದ್ದು 1920ರಲ್ಲಿ ಹೂವಿನಹಡಗಲಿಯಲ್ಲಿ. ಆಗ ಹಡಗಲಿ, ಆದೋನಿ, ನಮ್ಮ ರಾಯದುರ್ಗ ಎಲ್ಲ ಒಂದೇ ಬಳ್ಳಾರಿ ಜಿಲ್ಲೆ. 1953ರಲ್ಲಿ ಹಡಗಲಿ ಮೈಸೂರಿಗೆ, ನಾವು ಆಂಧ್ರಕ್ಕೆ.

ರಾಯದುರ್ಗದವನಾದ ನನಗೆ ಫಿನ್ಲಿಯ ಪಟ್ಟಿ ಕಾಡುವುದು ಇದಕ್ಕೇ. ಮಾತು ಕೇಳಿ ಭಾಷೆ ಗುರುತಿಸುವ ಯಂತ್ರಕ್ಕೆ ನಮ್ಮ ಕಡೆಯ 1000 ಧ್ವನಿಮುದ್ರಣ ಕೊಟ್ಟೆವು ಅನ್ನಿ. 950 ತೆಲುಗು, 50 ಕನ್ನಡ. ಎಲ್ಲವನ್ನೂ ತೆಲುಗು ಎಂದರೂ ಶೇ. 95 ಸರಿ, ಕನ್ನಡ ಮಾತ್ರ ಸೊನ್ನೆ. ಇನ್ನೊಂದು ಯಂತ್ರ 45 ಕನ್ನಡ ಹಿಡಿದು, 19 ತೆಲುಗನ್ನು ಕನ್ನಡವೆಂದಿತು ಅನ್ನಿ. ಅದಕ್ಕೆ ಸಿಗುವುದು ಶೇ. 97.6. ವ್ಯತ್ಯಾಸ ಎರಡೂವರೆ ಅಂಕದಷ್ಟು! ವರದಿ ಓದುವ ಅಧಿಕಾರಿಗೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಂತ ಆರ್‌ಒಸಿ ರೇಖೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸಾವಿರದಲ್ಲಿ ಕನ್ನಡ ಐದೇ ಇದ್ದರೆ, ಅದೇ ಯಂತ್ರ ನಾಲ್ಕೈದು ನಿಜದ ಜತೆ ಸುಮಾರು 20 ಸುಳ್ಳನ್ನೂ ಎತ್ತಿಕೊಡುತ್ತದೆ. ರೇಖೆ ಮಾತ್ರ ಅಲ್ಲಾಡುವುದಿಲ್ಲ.

ಇನ್ನೂ ಕಷ್ಟದ್ದು ಒಂದಿದೆ. ನಮ್ಮ ಮನೆಗಳಲ್ಲಿ ಕನ್ನಡದಲ್ಲಿ ಶುರುವಾದ ವಾಕ್ಯ ತೆಲುಗಿನಲ್ಲಿ ಮುಗಿಯುವುದುಂಟು. ಅದನ್ನು ಯಾವ ಕಲಮಿಗೆ ಹಾಕುತ್ತೀರಿ? ಬರೆದಿಟ್ಟ ಉತ್ತರವೇ ಅನುಮಾನದ್ದಾದರೆ ಅಂಕವೂ ಅನುಮಾನದ್ದೇ. ಹಾಗಾಗಿ ನಾಲ್ಕೂ ಮನೆಯ ಎಣಿಕೆಯನ್ನು ಫಿನ್ಲಿಯ ಪಟ್ಟಿಯಂತೆ ಬಿಡಿಬಿಡಿಯಾಗಿ ಕೊಡಿ, 'ಎರಡೂ' ಎಂಬ ಐದನೆಯ ಮನೆಯನ್ನೂ ಇಡಿ ಅಂತ ನನ್ನ ಸೂಚನೆ. ಐದನೆಯದಕ್ಕೆ ಅಂಕ ಹೇಗೆ ಕೊಡಬೇಕೆಂದು ತಲವಾಡಿ, ಅಕ್ಕಲಕೋಟೆ ಕಡೆಯ ಗೆಳೆಯರು ಈಗ ಹೇಳಬೇಕು.